ಗುಜರಿ ಹಡಗಿನ ದಾರಿ ಕಾಯುತ್ತ

ಮದುವೆಯಾಗಿ ಮಾಳಮಡ್ಡಿಗೆ ಬಂದ ಹೊಸತರಲ್ಲಿ ನಮ್ಮ ಮನೆಯ ಗಂಡಸರು ಭಾನುವಾರ ಇಸ್ಪೀಟು ಆಡುತ್ತಿದ್ದರು. ಬ್ರಾಡ್‌ಬ್ಯಾಂಡ್ ಬಂದ ಮೇಲೆ ಇಸ್ಪೀಟು ಹೋಗಿ ಬಾಹ್ಯಾಕಾಶ ಬಂತು. ನನ್ನ ಯಜಮಾನರು, ಮೈದುನ, ಕೇಶ್ವಾಪುರದಿಂದ ಲ್ಯಾಪ್‌ಟಾಪ್ ಹೊತ್ತು ಬರುವ ಮೈದುನನ ಗೆಳೆಯ, ಮೂವರೂ ಪಡಸಾಲೆಯಲ್ಲಿ ಕೂತು ಆನ್‌ಲೈನ್ ಆಟದಲ್ಲಿ ಹಡಗು ಹಾರಿಸುತ್ತ, ಯಾವ ದೇಶದವರೋ ಗೊತ್ತಿಲ್ಲದವರ ಜೊತೆ ಲಡಾಯಿ ಮಾಡುತ್ತಿದ್ದರು. ಆಫೀಸಿನಲ್ಲಿ ಸಾಹೇಬರ ಎದುರು ಕೆಮ್ಮಲೂ ಹೆದರುವ ಯಜಮಾನರು ಅಲ್ಲಿ ದಂಡನಾಯಕರು.

ಲಡಾಯಿ ಮುಗಿದ ಮೇಲೆ ಒಡೆದ ಹಡಗುಗಳ ಚೂರುಗಳು ಅಲ್ಲಲ್ಲೇ ತೇಲುತ್ತಿರುತ್ತವೆ. ಅವನ್ನು ಒಂದೊಂದಾಗಿ ಎಳೆದು ತಂದು ಬಿಚ್ಚಿದರೆ ಕೆಲಸಕ್ಕೆ ಬರುವ ಸಾಮಾನು ಸಿಗುತ್ತದೆ. ದಂಡನಾಯಕರಿಗೆ ಒಪ್ಪುವ ಕೆಲಸವಲ್ಲ. ಒಂದು ಭಾನುವಾರ ಯಜಮಾನರು, "ನೀ ಸ್ವಲ್ಪ ಕೂಡು. ಬಟನ್ ಒತ್ತೂದಷ್ಟ ಐತಿ," ಎಂದು ಅಡುಗೆಮನೆ ಬಾಗಿಲ ಪಕ್ಕದ ಹಳೆಯ ಕಂಪ್ಯೂಟರಿನ ಮುಂದೆ ನನ್ನನ್ನು ಕೂರಿಸಿದರು. ಅವತ್ತಿನಿಂದ ಅದು ನನ್ನ ಕೊರಳಿಗೆ ಬಿತ್ತು. ಊಟದ ಪಂಕ್ತಿ ಎದ್ದ ಮೇಲೆ ಎಲೆ ಎತ್ತುವವರು ಯಾರೋ, ಆಕಾಶ ಗುಡಿಸುವವರೂ ಅವರೇ.

ತೊಂದರೆ ಏನೆಂದರೆ, ನನಗೆ ಆಟ ಸೇರಿಬಿಟ್ಟಿತು. ಆ ಕಪ್ಪಿನಲ್ಲಿ ಮಿಂಚುವ ಬೆಳಕು ನೋಡಿ, ಗುಂಡು ಹಾರುವ ಸದ್ದು ಕೇಳಿ ನಾನೂ ಲಡಾಯಿಗೆ ಹೋಗಬೇಕೆಂದು ಜೀವ ತುಡಿಯುತ್ತಿತ್ತು. ಕೇಳಿದರೆ ಯಜಮಾನರದು ಒಂದೇ ಉತ್ತರ: "ಮತ್ತ ಚೂರು ಆರಿಸೋರ್ಯಾರು?"

ಅಷ್ಟರಲ್ಲಿ ಸುದ್ದಿ ಬಂತು. ಗುಜರಿ ಆರಿಸುವುದಕ್ಕೆಂದೇ ಆಟದವರು ಹೊಸ ಹಡಗು ಬಿಡುತ್ತಾರಂತೆ. ಜೊತೆಗೆ ಒಂದು ಮಬ್ಬು ಚಿತ್ರ. ಆ ಮಬ್ಬಿನ ಮೇಲೆ ಮೂವರೂ ವಾರಗಟ್ಟಲೆ ಪಂಡಿತರಾದರು. ಗಿರಮಿಟ್ಟು ತಟ್ಟೆಯಲ್ಲಿ ಮೆತ್ತಗಾದರೂ ಚರ್ಚೆ ನಿಲ್ಲಲಿಲ್ಲ.

"ಎಂಟ ಕೈ ಇರ್ತಾವ ನೋಡ್ರಿ. ಬರಕೊಡ್ತೇನಿ," ಎಂದ ಗೆಳೆಯ.

"ಕೈ ಅಲ್ಲಪಾ, ಹೊಟ್ಟಿ ದೊಡ್ಡದಿರಬೇಕು," ಎಂದ ಮೈದುನ.

ಯಜಮಾನರು ಅದರ ಬಣ್ಣದ ಬಗ್ಗೆ ಮಾತಾಡಿದರು. ಜನ್ಮದಲ್ಲಿ ಒಂದು ಚೂರು ಆರಿಸದವರು! ಆರಿಸುವವಳು ನಾನು, ಚಹಾ ಹಿಡಿದು ಎದುರಿಗೇ ನಿಂತಿದ್ದೆ. ನಿನಗೆ ಎಂಥಾ ಹಡಗು ಬೇಕು ಎಂದು ಒಂದು ಬಾಯಿಯೂ ಕೇಳಲಿಲ್ಲ.

ಮೈದುನ ಮಾತ್ರ ಕಪ್ಪು ತಗೊಳ್ಳುತ್ತ, "ಹಡಗ ಬಂದ್ರ ನಿಮ್ಮ ಕೆಲಸ ಲಗೂ ಮುಗೀತೈತ್ರಿ ವೈನಿ," ಎಂದ.

ಯಜಮಾನರು ಉದಾರವಾಗಿ ಸೇರಿಸಿದರು: "ಹೌದಲ್ಲ! ಆಮ್ಯಾಲ ನೀನೂ ನಮ್ಮ ಜೋಡಿ ಲಡಾಯಿಗೆ ಬಾ."

ನಾನು ನಂಬಿದೆ. ನಂಬಬಾರದಿತ್ತು. ಮಿಕ್ಸರ್ ತರುವಾಗಲೂ ಇದೇ ಮನೆಯಲ್ಲಿ ಹೀಗೇ ಮಾತಾಗಿತ್ತು, ನಿನಗೆ ಆರಾಮಾಗುತ್ತದೆ ಎಂದು. ಮಿಕ್ಸರ್ ಬಂದ ವಾರಕ್ಕೇ ಒಂದು ಚಟ್ನಿಯಿದ್ದ ತಟ್ಟೆಯಲ್ಲಿ ಮೂರು ಚಟ್ನಿ ಬೇಕಾದವು. ಅಷ್ಟು ಗೊತ್ತಿದ್ದೂ ಆ ಹಡಗಿನ ದಾರಿ ಕಾದೆ.

ಹಡಗು ಬಂತು. ಕೈಯೂ ಎಂಟಲ್ಲ, ಬಣ್ಣವೂ ಅವರು ಹೇಳಿದ್ದಲ್ಲ. ಆದರೆ ಕೆಲಸದ ಹಡಗು, ದೂರದ ಚೂರನ್ನೂ ಕೂತಲ್ಲಿಂದಲೇ ಎಳೆಯುತ್ತಿತ್ತು. ಮೊದಲ ಭಾನುವಾರವೇ ಎಲ್ಲ ಆರಿಸಿ ಮುಗಿಸಿ, "ನಾ ತಯಾರ್ರಿ," ಎಂದೆ.

ಯಜಮಾನರು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಇಷ್ಟ ಲಗೂ ಮುಗೀತಲ್ಲ! ಹಂಗಾದ್ರ ಇನ್ನೊಂದು ಲಡಾಯಿ ಮಾಡೂಣು. ನೀ ಚೂರು ಆರಿಸ್ಕೋತ ಹಿಂದ ಬಾ."

ಮೈಯೆಲ್ಲ ಉರಿಯಿತು. ಅವರು ಹೊರಟರು, ನಾನೂ ಹೊರಟೆ. ಆದರೆ ಹಿಂದೆ ನಿಲ್ಲಲಿಲ್ಲ. ಅಂಬಾರಿಯಷ್ಟು ಜೋಪಾನ ಮಾಡಬೇಕಿದ್ದ ಆ ಹೊಸ ಹಡಗನ್ನು ನೆಟ್ಟಗೆ ವೈರಿಗಳ ನಡುವೆ ನುಗ್ಗಿಸಿದೆ.

"ಏ, ಏನ ಮಾಡಾಕತ್ತೀ! ಅದರಾಗ ಒಂದು ತೋಪಿಲ್ಲ!" ಯಜಮಾನರು ಕುರ್ಚಿ ಬಿಟ್ಟೆದ್ದರು.

"ಗೊತ್ತೈತ್ರಿ," ಎಂದೆ.

ವೈರಿಗಳ ತೋಪುಗಳೆಲ್ಲ ಒಮ್ಮೆಲೇ ನನ್ನ ಕಡೆ ತಿರುಗಿದವು. ಪರದೆ ಕೆಂಪಾಯಿತು, ಬೆಳ್ಳಗಾಯಿತು, ಹಡಗು ಚೂರುಚೂರಾಯಿತು. ಪಡಸಾಲೆಯಲ್ಲಿ ಮೂವರೂ ತಲೆ ಮೇಲೆ ಕೈ ಹೊತ್ತಿದ್ದರು. ನನಗೋ ಖುಷಿಯಾಗಿ ನಗು ಬಂತು. ಕೊನೆಗೂ ಆ ವೈರಿಗಳಾದರೂ ನನ್ನನ್ನು ಲಡಾಯಿಗೆ ಬಂದವಳೆಂದು ತಿಳಿದಿದ್ದರು.