ಉಪ್ಪು ನೋಡುವ ಚಮಚಗಳು

ನಮ್ಮಮ್ಮ ಅಡುಗೆ ಮಾಡುವಾಗ ಒಂದು ದಿನವೂ ರುಚಿ ನೋಡಿದವಳಲ್ಲ. ದೇವರಿಗೆ ಎಡೆ ಇಡುವ ಮೊದಲೇ ನಾಲಿಗೆಗೆ ಸೋಕಿಸಿದರೆ ಎಂಜಲಾಯಿತು ಎಂಬುದು ಅವಳ ಅಮ್ಮನಿಂದ ಬಂದ ಕಟ್ಟಳೆ. ಹಾಗಾದರೆ ಉಪ್ಪು ಸರಿಯಿದೆಯೋ ಇಲ್ಲವೋ ತಿಳಿಯುವುದು ಹೇಗೆ? ವಾಸನೆಯಿಂದ. ಹುಳಿ ಕುದಿಯುವಾಗ ಸೌಟಿನಲ್ಲಿ ಒಂದಿಷ್ಟು ಎತ್ತಿ, ಹಬೆಗೆ ಮೂಗೊಡ್ಡಿ, ಕಣ್ಣು ಮುಚ್ಚಿ ಒಂದು ಕ್ಷಣ ನಿಲ್ಲುತ್ತಿದ್ದಳು. ಆಮೇಲೆ ಒಂದು ಚಿಟಿಕೆ ಉಪ್ಪು ಹಾಕುತ್ತಿದ್ದಳು, ಇಲ್ಲವೇ ಸುಮ್ಮನೆ ಮುಚ್ಚಳ ಮುಚ್ಚುತ್ತಿದ್ದಳು. "ಮೂಗಿಗೆ ಎಂಜಲಿಲ್ವೇನಮ್ಮ?" ಎಂದು ನಾನು ಕೆಣಕಿದರೆ, "ಮೂಗು ತಿನ್ನಲ್ಲ ಕಣೇ" ಅನ್ನುತ್ತಿದ್ದಳು. ಶಿಡ್ಲಘಟ್ಟದ ನಮ್ಮ ಬೀದಿಯಲ್ಲಿ ಯಾರ ಮನೆಯ ಸೀಮಂತವಾದರೂ ಅಡುಗೆ ಇಳಿಸುವ ಹೊತ್ತಿಗೆ ಅಮ್ಮನನ್ನು ಕರೆದು ದೊಡ್ಡ ಪಾತ್ರೆಯ ಮುಂದೆ ನಿಲ್ಲಿಸುತ್ತಿದ್ದರು.

ಎರಡು ವರ್ಷದ ಹಿಂದೆ ಅವಳಿಗೊಂದು ಜ್ವರ ಬಂತು. ಜ್ವರ ಹೋಯಿತು, ಹೋಗುವಾಗ ವಾಸನೆಯನ್ನೂ ತೆಗೆದುಕೊಂಡು ಹೋಯಿತು. ಇದನ್ನು ಅವಳು ಹೇಳಲಿಲ್ಲ. ಒಲೆಯ ಮೇಲೆ ಹಾಲು ತಳ ಹಿಡಿದು ಮನೆಯೆಲ್ಲ ಸೀದ ವಾಸನೆ ತುಂಬಿದ್ದರೂ ಪಕ್ಕದಲ್ಲೇ ಕೂತು ಸೊಪ್ಪು ಬಿಡಿಸುತ್ತಿದ್ದಳು. ಆಗ ನನಗೆ ಗೊತ್ತಾಯಿತು. ಅಲ್ಲಿಂದ ಸಾರು ಒಂದು ದಿನ ಬಾಯಿಗಿಡಲಾರದಷ್ಟು ಉಪ್ಪು, ಮರುದಿನ ಸಪ್ಪೆ. ವಾಸನೆ ಹೋದ ಮೇಲೆ ಅವಳಿಗೆ ಊಟವೆಲ್ಲ ಒಂದೇ ಥರ ಆಗಿತ್ತೇನೋ, ತನ್ನ ಪಾಲನ್ನು ಗಮನವಿಲ್ಲದೆ ನುಂಗಿ ಏಳುತ್ತಿದ್ದಳು. ನನಗೆ ಬಡಿಸಿದ ಮೇಲೆ ಮಾತ್ರ ಎದುರು ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ಗಬಗಬ ತಿಂದು "ಚೆನ್ನಾಗಿದೆಯಮ್ಮ" ಅನ್ನುತ್ತಿದ್ದೆ. ಡಾಕ್ಟರ ಹತ್ತಿರ ಹೋಗೋಣವೆನ್ನಲು ಮೊದಲು ಇಬ್ಬರಲ್ಲಿ ಒಬ್ಬರಾದರೂ ಬಾಯಿ ಬಿಡಬೇಕಲ್ಲ. ಅವಳು ಬಿಡಲಿಲ್ಲ, ನಾನೂ ಕೇಳಲಿಲ್ಲ. ಬೀದಿಯವರು ಕರೆದರೆ ಮಂಡಿ ನೋವೆಂದು ಹೇಳಿ ಕಳಿಸುತ್ತಿದ್ದಳು. ಮಕ್ಕಳಿಗೆ ದಿನವಿಡೀ ನಿಜ ಹೇಳಿ ಎಂದು ಪಾಠ ಮಾಡುವ ಮೇಷ್ಟ್ರಮ್ಮ ನಾನು, ಮನೆಗೆ ಬಂದು ಊಟಕ್ಕೆ ಕೂತೊಡನೆ ಸುಳ್ಳು ಹೇಳುತ್ತಿದ್ದೆ.

ಚಿಕ್ಕಬಳ್ಳಾಪುರದ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಒಂದು ದಿನ, ನಂದಿ ಬೆಟ್ಟದ ಕಡೆ ದ್ರಾಕ್ಷಿ ತೋಟಗಳ ನಡುವೆ ಫ್ರೆಂಚ್ ಬಿಸ್ಟ್ರೋ ಒಂದು ತೆರೆದಿದೆ ಎಂಬ ಸುದ್ದಿ ಬಂತು. ಬಿಸ್ಟ್ರೋ ಎಂದರೆ ಸಣ್ಣ ಊಟದ ಮನೆಯಂತೆ. ನಮ್ಮ ಜಿಲ್ಲೆಯಲ್ಲಿ ಫ್ರಾನ್ಸಿನವರ ಅಡುಗೆ ಮಾಡಲು ಹೊರಟವರು ಯಾರು, ಅದನ್ನು ಯಾರು ತಿನ್ನುತ್ತಾರೆ, ಏನು ಹಾಕುತ್ತಾರೆ ಎಂದು ನನಗೆ ತಲೆಯಲ್ಲಿ ಹುಳ ಬಿಟ್ಟ ಹಾಗಾಯಿತು. ಅದರ ಹಿಂದೆಯೇ ಇನ್ನೊಂದು ಯೋಚನೆ ಬಂತು. ಅಲ್ಲಿಯ ಅಡುಗೆಯ ಸರಿ ತಪ್ಪು ನಮಗಿಬ್ಬರಿಗೂ ಗೊತ್ತಿಲ್ಲ. ಒಂದು ಹೊತ್ತಾದರೂ ಅಮ್ಮ ನನ್ನ ಮುಖ ನೋಡದೆ ಉಂಡಾಳು. ಅವಳ ಹುಟ್ಟುಹಬ್ಬ ಭಾನುವಾರ ಬಂದಿತ್ತು, ಅದೇ ನೆಪವಾಯಿತು.

ಹೋದರೆ ಅದೊಂದು ಹೆಂಚಿನ ಮನೆ, ಆರೇ ಟೇಬಲ್ಲು. ಬಡಿಸುವ ಹುಡುಗಿ ಚಿಂತಾಮಣಿಯವಳು. ಅಮ್ಮ ಅವಳನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು ಒಂದೊಂದನ್ನೇ ವಿಚಾರಿಸಿದಳು.

"ಈರುಳ್ಳಿ ಸೂಪ್ ತಗೊಳ್ಳಿ ಅಮ್ಮ, ಪೂರ್ತಿ ವೆಜ್ಜು. ಈರುಳ್ಳೀನ ಸಣ್ಣ ಉರೀಲಿ ಒಂದೂವರೆ ಗಂಟೆ ಹುರೀತಾರೆ."

"ಒಂದೂವರೆ ಗಂಟೆನಾ? ಗ್ಯಾಸು ಮಾವನ ಮನೆಯಿಂದ ಬರ್ತದೇನಮ್ಮ?"

ಹುಡುಗಿ ನಕ್ಕಳು. ಸೂಪು, ಬದನೆಕಾಯಿ ಟೊಮೆಟೊ ಬೇಯಿಸಿದ್ದು, ಆಲೂಗಡ್ಡೆ, ಮೊಳದುದ್ದದ ಬ್ರೆಡ್ಡು ಎಲ್ಲ ಬಂದವು. ಅಮ್ಮ ಬ್ರೆಡ್ಡನ್ನು ಬೆರಳಲ್ಲಿ ಕುಟ್ಟಿ ನೋಡಿದಳು, ಮುರಿದು ಸದ್ದು ಕೇಳಿದಳು, ಒಳಗೆ ಇಷ್ಟು ತೂತು ಯಾಕಿವೆ ಎಂದಳು. ಆಮೇಲೆ ಸೂಪಿನ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ, ಹಳೇ ಅಭ್ಯಾಸದಂತೆ ಹಬೆಗೆ ಮೂಗೊಡ್ಡಿ ಕಣ್ಣು ಮುಚ್ಚಿದಳು. ಆಮೇಲೆ ಬಟ್ಟಲನ್ನು ಕೆಳಗಿಟ್ಟಳು. ನಾನು ಕಿಟಕಿಯಾಚೆ ದ್ರಾಕ್ಷಿ ಚಪ್ಪರ ನೋಡುವವಳಂತೆ ನಟಿಸಿದೆ. ನನಗೆ ಅಳು ಬಂದಿತ್ತು.

ತಟ್ಟೆಯ ಪಕ್ಕದಲ್ಲಿ ಪುಟ್ಟ ಬಿಳೀ ಬಟ್ಟಲಿನಲ್ಲಿ ಹಳದಿಯದೇನೋ ಇತ್ತು. ಗೊಜ್ಜಿರಬೇಕೆಂದು ಅಮ್ಮ ಬ್ರೆಡ್ಡಿನ ತುಂಡಿಗೆ ಅದನ್ನು ದೋಸೆಗೆ ಚಟ್ನಿ ಹಚ್ಚುವಷ್ಟು ಧಾರಾಳವಾಗಿ ಹಚ್ಚಿ ಬಾಯಿಗೆ ಹಾಕಿಕೊಂಡಳು. ಮರುಕ್ಷಣ ಅವಳ ಬೆನ್ನು ನೆಟ್ಟಗಾಯಿತು. ಕಣ್ಣಿನಲ್ಲಿ ದಳದಳ ನೀರು. ಎರಡೂ ಕೈಯಲ್ಲಿ ಮೂಗು ಹಿಡಿದುಕೊಂಡಳು.

"ಅಯ್ಯೋ, ಅದು ಸಾಸಿವೆ ಅಮ್ಮ, ಹಸೀ ಸಾಸಿವೆ ರುಬ್ಬಿರೋದು! ಒಂಚೂರು ತಗೋಬೇಕು!" ಎಂದು ಹುಡುಗಿ ನೀರಿಗೆ ಓಡಿದಳು.

ಅಮ್ಮ ನೀರು ಬೇಡವೆಂದು ಕೈ ಎತ್ತಿದಳು. ಅಳುತ್ತಿದ್ದಾಳೋ ನಗುತ್ತಿದ್ದಾಳೋ ತಿಳಿಯಲಿಲ್ಲ.

"ಮೂಗಿಗೆ ಹತ್ತಿತು ಕಣೇ! ಎರಡು ವರ್ಷ ಆಯ್ತು ಈ ಮೂಗು ಸತ್ತು. ಇವತ್ತು ಉರೀತಾ ಇದೆ ನೋಡು!"

ತಕ್ಷಣ ಸೂಪಿನ ಬಟ್ಟಲನ್ನು ಮತ್ತೆ ಎತ್ತಿ ಮೂಸಿದಳು. ಏನೂ ಇಲ್ಲ. ಸಾಸಿವೆ ಉರಿ ಎಬ್ಬಿಸಿತ್ತೇ ಹೊರತು ವಾಸನೆಯನ್ನು ತಂದಿರಲಿಲ್ಲ. ಬಟ್ಟಲಿಟ್ಟು, ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಕಡೆ ತಿರುಗಿದಳು.

"ನಿಂಗೆ ಗೊತ್ತಿತ್ತು ಅಲ್ವಾ?"

"ಗೊತ್ತಿತ್ತಮ್ಮ."

"ಮತ್ತೆ ದಿನಾ ಚೆನ್ನಾಗಿದೆ ಅಂತಿದ್ದೆ? ಮೂಗು ಹೋಯ್ತು, ಇವಳ ಮುಖ ನೋಡಿನಾದ್ರೂ ಉಪ್ಪು ತಿಳ್ಕೊಳಣ ಅಂತ ಎದುರಿಗೆ ಕೂರ್ತಿದ್ದೆ. ನೀನು ಅದನ್ನೂ ತೋರಿಸ್ಲಿಲ್ಲ."

ಅವಳ ಮನಸ್ಸು ನೋಯಬಾರದೆಂದು ಎರಡು ವರ್ಷ ಸುಳ್ಳು ಹೇಳಿದೆನೆಂದು ನನ್ನ ಬಗ್ಗೆ ನನಗೇ ಮೆಚ್ಚುಗೆಯಿತ್ತು. ಅವಳಿಗೆ ಉಳಿದಿದ್ದ ಒಂದೇ ದಾರಿಯನ್ನು ನಾನೇ ಮುಚ್ಚಿದ್ದೆ ಎಂದು ಅಂದು ತಿಳಿಯಿತು. ನಾಚಿಕೆಯಾಯಿತು.

ಅಷ್ಟರಲ್ಲಿ ಗಾಬರಿಯಿಂದ ಅಡುಗೆಯವರೇ ಹೊರಗೆ ಬಂದರು. ಮಂಡಿಕಲ್ ಕಡೆಯವರು, ಪುದುಚೇರಿಯಲ್ಲಿ ಫ್ರೆಂಚರ ಕೈಕೆಳಗೆ ಕಲಿತು ಬಂದವರು. ಅವರು ಕ್ಷಮೆ ಕೇಳುವುದಕ್ಕೂ ಬಿಡದೆ ಅಮ್ಮ ಪ್ರಶ್ನೆ ಹಾಕಿದಳು.

"ಇಷ್ಟು ಜನಕ್ಕೆ ಮಾಡ್ತೀಯಲ್ಲಪ್ಪ, ಉಪ್ಪು ಹೆಂಗೆ ನೋಡ್ತೀಯ?"

"ಬನ್ನಿ ಅಮ್ಮ, ತೋರಿಸ್ತೀನಿ."

ನಾನೂ ಹಿಂದೆ ಹೋದೆ. ಒಲೆಯ ಬಲಕ್ಕೆ ಒಂದು ಡಬ್ಬಿಯ ತುಂಬ ಚಮಚಗಳು, ಎಡಕ್ಕೆ ಖಾಲಿ ಡಬ್ಬಿ. ಅವರು ಬಲಗಡೆಯಿಂದ ಒಂದು ಚಮಚ ತೆಗೆದು, ಸೂಪಿನಲ್ಲಿ ಅದ್ದಿ, ಬಾಯಿಗಿಟ್ಟು, ಎಡಗಡೆಯ ಡಬ್ಬಿಗೆ ಹಾಕಿದರು. ಉಪ್ಪು ಉದುರಿಸಿ, ಮತ್ತೆ ಹೊಸ ಚಮಚ.

"ಬಾಯಿಗಿಟ್ಟ ಚಮಚ ಮತ್ತೆ ಪಾತ್ರೆಗೆ ಹೋಗಂಗಿಲ್ಲ ಅಮ್ಮ. ಹೋದ್ರೆ ನಮ್ಮ ಫ್ರೆಂಚ್ ಮೇಷ್ಟ್ರು ಪಾತ್ರೆ ಸಮೇತ ಚೆಲ್ಲಿಸ್ತಿದ್ರು."

"ಓಹೋ! ಅಂದ್ರೆ ಅವರಲ್ಲೂ ಎಂಜಲು ಅಂತ ಇದೆ!" ಅಮ್ಮನಿಗೆ ಫ್ರಾನ್ಸಿನ ಮೇಲೆ ಒಮ್ಮೆಲೇ ಗೌರವ ಹುಟ್ಟಿತು.

ಅವರು ಒಂದು ಚಮಚ ಅವಳ ಕೈಗೆ ಕೊಟ್ಟರು. ಒಲೆಯ ಮೇಲಿನ ಅಡುಗೆಯನ್ನು ಅಲ್ಲೇ ಬಾಯಿಗಿಡಲು ಅವಳ ಕೈ ಹಿಂಜರಿಯಿತು. ಕೊನೆಗೆ ಇಟ್ಟಳು. ನುಂಗದೆ ನಾಲಿಗೆಯ ಮೇಲೇ ಇಟ್ಟುಕೊಂಡು ನೋಡಿದಳು.

"ಘಮ ಏನೂ ಗೊತ್ತಾಗ್ತಿಲ್ಲಪ್ಪ," ಎಂದಳು ನಿಧಾನವಾಗಿ. "ಆದ್ರೆ ಉಪ್ಪು ಗೊತ್ತಾಗ್ತಿದೆ. ಸರಿಯಾಗಿದೆ."

ಬಸ್ಸಿನಲ್ಲಿ ಬರುವಾಗ ಅವಳು ಒಂದೇ ಲೆಕ್ಕಾಚಾರದಲ್ಲಿದ್ದಳು. ದೇವರ ಪಾಲನ್ನು ಮೊದಲೇ ಬೇರೆ ಬಟ್ಟಲಿಗೆ ತೆಗೆದಿಟ್ಟು, ಉಳಿದದ್ದರ ರುಚಿ ನೋಡಿದರೆ ದೋಷವಿಲ್ಲ ಎಂದು ತೀರ್ಮಾನಿಸಿದಳು. "ದೇವರ ಪಾಲು ಸಪ್ಪೆಯಾದ್ರೆ?" ಎಂದೆ. "ಎರಡು ವರ್ಷದಿಂದ ಅವನೂ ತಿಂದಿದಾನೆ. ನಿನ್ನ ಹಾಗೆ ಅವನೂ ಬಾಯಿ ಬಿಟ್ಟಿಲ್ಲ," ಎಂದಳು.

ಮಾರನೆಯ ದಿನ ಶಾಲೆಯಿಂದ ಬಂದಾಗ ಒಲೆಯ ಪಕ್ಕ ಎರಡು ಸ್ಟೀಲ್ ಲೋಟ ಇದ್ದವು. ನೆಂಟರು ಬಂದರೆ ಬೇಕೆಂದು ಕಪಾಟಿನಲ್ಲಿ ಕೂಡಿಟ್ಟಿದ್ದ ಚಮಚಗಳಲ್ಲಿ ಮೂರು ಆಗಲೇ ಎಡಗಡೆಯ ಲೋಟಕ್ಕೆ ಬಿದ್ದಿದ್ದವು. ಅಮ್ಮ ಅನ್ನದ ಮೇಲೆ ಸೊಪ್ಪಿನ ಹುಳಿ ಬಡಿಸಿ, ಎಂದಿನಂತೆ ಎದುರು ಕೂತಳು. ಕಲೆಸಿ ಒಂದು ತುತ್ತು ತಿಂದೆ. ಉಪ್ಪು ಅರ್ಧಕ್ಕರ್ಧ ಕಡಿಮೆ. ಪಾಪ, ಮೊದಲನೇ ದಿನ, ಉತ್ಸಾಹದಲ್ಲಿದ್ದಾಳೆ.

"ಚೆನ್ನಾಗಿದೆಯಮ್ಮ," ಎಂದೆ.

"ಸುಳ್ಳಿ," ಎಂದಳು ಅಮ್ಮ. "ಸಪ್ಪೆ ಇದೆ. ನಂಗೆ ಗೊತ್ತು, ಮೂರು ಸಲ ನೋಡಿದೀನಿ. ನೀನು ಹೇಳ್ತೀಯೋ ಇಲ್ವೋ ನೋಡಣ ಅಂತ ಬೇಕಂತಲೇ ಉಪ್ಪು ಕಮ್ಮಿ ಹಾಕಿದೀನಿ."

ಎದ್ದು ಹೋಗಿ ಹುಳಿಯ ಪಾತ್ರೆಯನ್ನೂ ಉಪ್ಪಿನ ಡಬ್ಬಿಯನ್ನೂ ತಂದು ನನ್ನ ಮುಂದಿಟ್ಟಳು. ಡಬ್ಬಿಯಲ್ಲಿ ಕೈ ಹಾಕಿ ನನ್ನ ಮುಖವನ್ನೇ ನೋಡುತ್ತ ಕೂತಳು.

"ಇನ್ನೂ ಬೇಕಮ್ಮ," ಎಂದೆ. ಅವಳು ಹಾಕಿ ಕದಡಿ, ನನ್ನ ತಟ್ಟೆಗೆ ಬಡಿಸಿದಳು. ತಿಂದು ನೋಡಿ ಹೇಳಿದೆ: "ಇನ್ನೊಂದು ಚಿಟಿಕೆ."