ಎರಡು ಕಡೆಯಿಂದ ನೋಡುವ ಬೇಟೆ

ವಾಡಿ ಸ್ಟೇಷನ್ನಿನ ಹಿಂದಿನ ಓಣಿಯಲ್ಲಿ ಜಗದೇವಿ ದಿನಕ್ಕೆ ನೂರಿಪ್ಪತ್ತು ಜೋಳದ ರೊಟ್ಟಿ ಬಡಿಯುತ್ತಾಳೆ. ರೊಟ್ಟಿ ಸುತ್ತಲು ಹಳೆಯ ಪತ್ರಿಕೆಗಳು ಮನೆಗೆ ಬರುತ್ತವೆ. ಅವುಗಳಲ್ಲಿ ಅವಳು ಮೊದಲು ಹುಡುಕುವುದು ವ್ಯಂಗ್ಯಚಿತ್ರ. ನೋಡಿ ನೋಡಿ ಕೈಗೂ ಅದೇ ಚಾಳಿ ಹತ್ತಿತು. ಹತ್ತೊಂಬತ್ತು ವರ್ಷಗಳಿಂದ ಬಾಗಿಲ ಮುಂದೆ ಹೂಬಳ್ಳಿ ಬಿಟ್ಟು ಸುದ್ದಿಯನ್ನೇ ರಂಗೋಲಿಯಲ್ಲಿ ಬಿಡಿಸುತ್ತಾಳೆ: ಏಣಿ ಹತ್ತುವ ಟೊಮೆಟೊ, ಗೆದ್ದಲು ತಿಂದ ಮಂತ್ರಿಕುರ್ಚಿ. ಗಾಡಿಗೆ ಓಡುವವರು ಒಂದು ಕ್ಷಣ ನಿಂತು, ನಕ್ಕು, ಮತ್ತೆ ಓಡುತ್ತಾರೆ. ಹತ್ತು ಗಂಟೆಯೊಳಗೆ ಸೈಕಲ್ಲು, ಕೋಳಿ, ಗಾಳಿ ಸೇರಿ ಎಲ್ಲವನ್ನೂ ಅಳಿಸಿರುತ್ತವೆ. ಒಂದಾದರೂ ಕಾಗದದ ಮೇಲೆ ಉಳಿಯಲಿ ಎಂಬುದು ಅವಳ ಆಸೆ.

ಈ ಜನವರಿಯಲ್ಲಿ ಸೇಡಂನ ವಾಚನಾಲಯವೊಂದು ರಂಗೋಲಿ ಸ್ಪರ್ಧೆ ಇಟ್ಟಿತು. ವಿಷಯ, ಈ ವಾರದ ಸುದ್ದಿ. ಮೊದಲ ಬಹುಮಾನ ಪಡೆದ ರಂಗೋಲಿಯ ಫೋಟೊ ಭಾನುವಾರದ ಪತ್ರಿಕೆಯಲ್ಲಿ ಅಚ್ಚಾಗುತ್ತದೆ ಎಂದು ಕೇಳಿದ್ದೇ ತಡ, ಜಗದೇವಿ ಪಕ್ಕದ ಮನೆಯ ಹುಸ್ನಾಳ ಕೈಗೆ ಬಣ್ಣದ ಡಬ್ಬಿಗಳನ್ನು ಕೊಟ್ಟು, ಅವಳನ್ನೂ ಕರೆದುಕೊಂಡು ಬಸ್ಸು ಹತ್ತಿದಳು.

ಆ ವಾರ ದೂರದ ದೇಶವೊಂದರ ಅಧ್ಯಕ್ಷರು ಸುದ್ದಿಯಲ್ಲಿದ್ದರು. ಜಿಂಕೆ ಕೊಂದವರಿಗೆ ಜೈಲು ಎಂದು ಕಾನೂನು ತಂದವರು ಅವರು. ಈಗ ತಾವೇ ಬಂದೂಕು ಹಿಡಿದು ಜಿಂಕೆ ಬೇಟೆಗೆ ಹೋಗಿ ಸಿಕ್ಕಿಬಿದ್ದಿದ್ದರು.

ವಾಚನಾಲಯದ ಅಂಗಳದ ಒಂದು ತುದಿಗೆ ಗೇಟು, ಎದುರು ತುದಿಗೆ ವೇದಿಕೆ. ಒಬ್ಬೊಬ್ಬರಿಗೆ ಎರಡಡಿ ಚೌಕದ ಒಂಬತ್ತು ಶಹಾಬಾದ್ ಹಾಸುಗಲ್ಲುಗಳ ಜಾಗ, ತೊಂಬತ್ತು ನಿಮಿಷ ಸಮಯ. ತೀರ್ಪುಗಾರರು ಗೇಟಿನ ಕಡೆಯಿಂದ ನೋಡುತ್ತಾರೆ ಎಂದು ಮೊದಲೇ ತಿಳಿಸಿದ್ದರು. ಜಗದೇವಿ ನಡುವಿನ ಮೂರು ಕಲ್ಲುಗಳ ಉದ್ದಕ್ಕೆ ಅಧ್ಯಕ್ಷರನ್ನು ನಿಲ್ಲಿಸಿದಳು. ಬೂಟು ಗೇಟಿನ ಕಡೆಗೆ, ಟೋಪಿ ವೇದಿಕೆಯ ಕಡೆಗೆ, ಕೈಯಲ್ಲಿ ಬಂದೂಕು. ಬೂಟಿನ ಕೆಳಗೆ ನೆಲದ ಗೆರೆ ಎಳೆದಳು. ಎರಡು ಪಕ್ಕದ ಸಾಲುಗಳಲ್ಲಿ ಕಾಡು ಬರಬೇಕಿತ್ತು.

ಇನ್ನು ಹದಿನೆಂಟು ನಿಮಿಷವಿದೆ ಎನ್ನುವಾಗ ಮೈಕು ಗುರುಗುಟ್ಟಿತು. ಗೇಟಿನ ಕಡೆ ನಿಂತರೆ ಬಿಸಿಲು ಕಣ್ಣಿಗೆ ಹೊಡೆಯುತ್ತದೆ, ತೀರ್ಪುಗಾರರು ಈಗ ವೇದಿಕೆಯ ಕಡೆಯಿಂದ ನೋಡುತ್ತಾರೆ ಎಂದಿತು.

"ಯಕ್ಕಾ, ಕೆಟ್ಟೋತು ನೋಡ್ರಿ!" ಹುಸ್ನಾ ಡಬ್ಬಿ ಕೆಳಗಿಟ್ಟಳು. "ನಿಮ್ಮ ಸಾಹೇಬಂದು ತಲಿ ತೆಳಗ, ಕಾಲು ಮ್ಯಾಲ!"

ಜಗದೇವಿ ಸ್ಪರ್ಧೆ ನಡೆಸುತ್ತಿದ್ದ ನಿವೃತ್ತ ಮಾಸ್ತರ ಬಸವಂತರಾಯರ ಹತ್ತಿರ ಓಡಿದಳು.

"ಎಲ್ಲಾರಿಗೂ ಒಂದೇ ರೂಲ್ ತಂಗಿ. ಉಳಿದವ್ರು ಯಾರರ ಬಾಯಿ ಮಾಡ್ಲಿಕತ್ತಾರೇನು?"

"ಅವ್ರು ಹೂವು ಬಿಡಿಸ್ಯಾರ್ರಿ ಸರ್. ಹೂವಿಗಿ ತಲಿ-ಕಾಲು ಇಲ್ಲ. ನನ್ನ ಮನಷ್ಯಾಗ ಅದಾವ್ರಿ!"

ಮಾಸ್ತರರು ನಕ್ಕರು, ಆದರೆ ಮಣಿಯಲಿಲ್ಲ.

"ಅಳಿಸಿ ಬ್ಯಾರೆ ಬಿಡಸ್ರಿ, ಲಗೂ," ಎಂದಳು ಹುಸ್ನಾ.

ಜಗದೇವಿ ಅಳಿಸಲಿಲ್ಲ. ವೇದಿಕೆಯ ಕಡೆಗೆ ಹೋಗಿ, ಸೊಂಟಕ್ಕೆ ಕೈಕೊಟ್ಟು ನಿಂತು ನೋಡಿದಳು. ನೆಲದ ಗೆರೆ ಮೇಲಿತ್ತು. ಅದರಿಂದ ಎರಡು ಬೂಟು, ಬೂಟಿನಿಂದ ಮನುಷ್ಯ, ಎಲ್ಲವೂ ಕೆಳಕ್ಕೆ ಜೋತುಬಿದ್ದಿದ್ದವು. ಕೊಂದ ಪ್ರಾಣಿಯ ಕಾಲು ಕಟ್ಟಿ, ಕೋಲಿಗೆ ತೂಗುಹಾಕಿ, ಇಬ್ಬರು ಹೊತ್ತು ತರುತ್ತಾರಲ್ಲ, ಥೇಟ್ ಹಾಗೆ.

"ಹುಸ್ನಾ, ಕಾಡು ಬ್ಯಾಡ! ಕಂದು ಬಣ್ಣ ತಾ. ಓಡು!"

ಉಳಿದದ್ದು ಹನ್ನೊಂದು ನಿಮಿಷ. ನೆಲದ ಗೆರೆಯನ್ನು ದಪ್ಪ ಮಾಡಿ ಕೋಲಾಗಿಸಿದಳು. ಬೂಟುಗಳಿಗೆ ಬಿಳಿ ಹಗ್ಗ ಸುತ್ತಿದಳು. ಎರಡು ಪಕ್ಕಕ್ಕೂ ಒಂದೊಂದು ಜಿಂಕೆ, ಹಿಂಗಾಲ ಮೇಲೆ ನಿಂತು ಕೋಲಿಗೆ ಹೆಗಲು ಕೊಟ್ಟದ್ದು. ಬೆರಳ ಸಂದಿಯಿಂದ ಪುಡಿ ಸುರಿಯುತ್ತಲೇ ಇತ್ತು. ಎಡಗಡೆಯ ಜಿಂಕೆಗೆ ಒಂದು ಕಣ್ಣು ಇಡುವಷ್ಟರಲ್ಲಿ ಸೀಟಿ ಊದಿದರು.

ತೀರ್ಪುಗಾರರು ಮೂವರು, ಅವರ ಜೊತೆ ಬಸವಂತರಾಯರೂ ವೇದಿಕೆಯ ಕಡೆಗೆ ಬಂದು ನಿಂತರು. ಮೊದಲು ಒಬ್ಬರು ಪಕ್ಕನೆ ನಕ್ಕರು. ಬಸವಂತರಾಯರು ಕತ್ತು ಓರೆ ಮಾಡಿ ನೋಡಿ, ಸರಸರನೆ ಸುತ್ತುಬಳಸಿ ಗೇಟಿನ ಕಡೆಗೆ ಹೋದರು. ಅಲ್ಲಿಂದ ಅಧ್ಯಕ್ಷರು ಎದೆಯುಬ್ಬಿಸಿ ನಿಂತಿದ್ದರು, ಜಿಂಕೆಗಳೆರಡು ಕಾಲು ಮೇಲಾಗಿ ಬಿದ್ದಿದ್ದವು.

"ಏ, ಈ ಕಡಿಂದ ಸಾಹೇಬ ಜಿಂಕಿ ಹೊಡ್ದಾನ, ಆ ಕಡಿಂದ ಜಿಂಕಿ ಸಾಹೇಬನ ಹೊತ್ಕೊಂಡು ಹೊಂಟಾವ!" ಎಂದು ಮಾಸ್ತರರು ಕೂಗಿದರು. ರೂಲು ಯಾರಿಗೂ ನೆನಪಾಗಲಿಲ್ಲ. ಅಂಗಳದ ಜನವೆಲ್ಲ ಆ ಒಂಬತ್ತು ಕಲ್ಲುಗಳ ಸುತ್ತ ಗಿರಕಿ ಹೊಡೆಯತೊಡಗಿತು.

ಮೊದಲ ಬಹುಮಾನ ಜಗದೇವಿಗೇ ಬಂತು. ಪತ್ರಿಕೆಯ ಫೋಟೊಗ್ರಾಫರ್ ರಾಜರತ್ನ ಕ್ಯಾಮೆರಾ ಹಿಡಿದು ತಲೆ ಕೆರೆದುಕೊಂಡ. "ಯಾವ ಕಡಿಂದ ಹೊಡೀಲ್ರಿ ಅಕ್ಕೋರೆ? ಒಂದೇ ಫೋಟೊಕ್ಕ ಜಾಗ ಅದ."

"ಸಾಹೇಬ ನೆಟ್ಟಗ ನಿಂತಿರ್ಲಿ. ತಿರುವಿ ನೋಡ್ರಿ ಅಂತ ತೆಳಗ ಸಣ್ಣಕ್ಷರದಾಗ ಬರೀರಿ. ಅಷ್ಟು ಸಾಕು."

ಭಾನುವಾರ ಬೆಳಗ್ಗೆ ವಾಡಿಯ ಎರಡನೇ ಪ್ಲಾಟ್‌ಫಾರ್ಮಿನಲ್ಲಿ ಅವಳು ರೊಟ್ಟಿಯ ಬುಟ್ಟಿ ಇಟ್ಟುಕೊಂಡು ಕುಳಿತಳು. ಕಣ್ಣೆಲ್ಲ ಪತ್ರಿಕೆ ಹಿಡಿದವರ ಮೇಲೆ. ಒಬ್ಬ ಪುಟ ಮಗುಚಿ ಮುಂದೆ ಹೋದ. ಇನ್ನೊಬ್ಬ ಆಕಳಿಸಿದ. ಕಲ್ಲು ಬೆಂಚಿನ ಮೇಲಿದ್ದ ಮೂರನೆಯವನು ಪುಟವನ್ನು ಕಣ್ಣಿಗೆ ಹತ್ತಿರ ತಂದು, ಸರಕ್ಕನೆ ಉಲ್ಟಾ ಮಾಡಿದ.

"ಏ ಮೌಲಾಲಿ, ಓದಾಕ ಬರಂಗಿಲ್ಲಂದ್ರ ಪೇಪರ್ ಯಾಕ ತೊಗೊಂತಿ?" ಎಂದು ಪಕ್ಕದವನು ಕೆಣಕಿದ.

"ನೀನೂ ತಿರುವು, ಆಮ್ಯಾಲ ಮಾತಾಡು."

ಪಕ್ಕದವನು ತನ್ನ ಪತ್ರಿಕೆಯನ್ನು ತಿರುಗಿಸಿದ. ಎದುರಿಗಿದ್ದವನೂ ತಿರುಗಿಸಿದ. ನಗು ಬೆಂಚಿನಿಂದ ಬೆಂಚಿಗೆ ಹಬ್ಬಿತು. ಗಾಡಿ ಬಂದು ನಿಂತು, ಸೀಟಿ ಹಾಕಿ ಹೊರಟೂ ಹೋಯಿತು. ಜಗದೇವಿ ಆ ಗಾಡಿಯವರಿಗೆ ಒಂದು ರೊಟ್ಟಿಯನ್ನೂ ಮಾರಲಿಲ್ಲ.