ಬಾವಿಗೆ ಹಾಕಿದ ಮದ್ದು

ನಂಜನಗೂಡಿನ ಹತ್ತಿರದ ತನ್ನೂರಿನಲ್ಲಿ ವಾಂತಿಭೇದಿ ಶುರುವಾದಾಗ, ಆರೋಗ್ಯ ಇಲಾಖೆಯ ಪುಟ್ಟಸಿದ್ದಯ್ಯ ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ. ಅದು ಮಕ್ಕಳಾಗದಂತೆ ಮಾಡುವ ಮದ್ದೆಂದು ಪಂಚಾಯಿತಿ ಚುನಾವಣೆಗೆ ನಿಂತವನೊಬ್ಬ ಭಾಷಣ ಬಿಗಿದ. ಗಂಗಮ್ಮನಿಗೆ ಮೈಲಿಗೆಯಾಯಿತೆಂದು ಪೂಜಾರಿ ದನಿಗೂಡಿಸಿದ. ಹೆಂಗಸರೆಲ್ಲ ಬಿಂದಿಗೆ ಹೊತ್ತು ನಾಲೆಗೆ ನಡೆದರು. ಪುಟ್ಟಸಿದ್ದಯ್ಯ ಎಲ್ಲರೆದುರು ಬಾವಿಯ ನೀರನ್ನೇ ಗಟಗಟ ಕುಡಿದು ತೋರಿಸಿದ.

"ನಿಂಗೇನಪ್ಪಾ, ಮಕ್ಳೆಲ್ಲ ಆಗೋಗವೆ!" ಎಂದು ಜಗಲಿಯಲ್ಲಿ ಕೂತವರು ನಕ್ಕರು.

ಮನೆಗೆ ಬಂದರೆ, ಹೊಸದಾಗಿ ಮದುವೆಯಾದ ಮಗಳು ವಾಂತಿಯಾಗಿ ನಿತ್ರಾಣಳಾಗಿ ಮಲಗಿದ್ದಳು. ಹೆಂಡತಿ ಕೆಂಪಮ್ಮ ತಂದುಕೊಟ್ಟ ನೀರಿನಲ್ಲಿ ಪೌಡರಿನ ವಾಸನೆಯೇ ಇರಲಿಲ್ಲ.

"ನಾಲೆ ನೀರಾ?"

"ಊಂ ಮತ್ತೆ. ನಮ್ಗೂ ಮೊಮ್ಮಕ್ಳು ಬ್ಯಾಡ್ವಾ?"

ಊರನ್ನೆಲ್ಲ ಬೈದುಕೊಂಡು ಬಂದಿದ್ದವನು ಆ ನೀರನ್ನು ಅಂಗಳಕ್ಕೆ ಚೆಲ್ಲಿದ. ಮಗಳನ್ನು ಹೆಗಲಿಗೆ ಆನಿಸಿಕೊಂಡು ಆಸ್ಪತ್ರೆಗೆ ಹೋಗುವ ಬಸ್ಸಿಗೆ ಓಡಿದ.